ದೇವಾಲಯದ ಗಾನಕ್ಕೆ ವೇತನವು ಸಲ್ಲುವುದೇ?

ನಮ್ಮ ಪಾಠಶಾಲೆಯಿಂದ ತೇರ್ಗಡೆ ಹೊಂದಿ ಹೋಗುವ ಬಾಲಿಕೆಯರಲ್ಲಿ ಉಪಾಧ್ಯಾಯಿನಿಯರಾಗಬೇಕೆನ್ನುವವರೂ ದಾದಿಯರಾಗಬೇಕೆನ್ನುವವರೂ ಅನೇಕರುಂಟು. ಆದರೆ ಅತ್ತಿಗುಪ್ಪೆಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು, ಕೆಥೀಡ್ರಲ್ಲಿನ ಗಾಯಕವೃಂದದಲ್ಲಿ ಸಂಬಳಕ್ಕೆ ಹಾಡಿ ಜೀವಿಸಬಹುದೇ ಎಂದು ಈಚೆಗೆ ಕೇಳಿದಳು. ಕೆಲವರು ನಕ್ಕರು, ಹಿರಿಯರೊಬ್ಬರು, "ದೇವರ ಸ್ತುತಿಯನ್ನು ಮಾರುವುದುಂಟೇ, ಮಗು?" ಎಂದರು. ಆ ಬಾಲಿಕೆಯು ತಲೆ ತಗ್ಗಿಸಿ ಸುಮ್ಮನಾದಳು. ಆಕೆಯ ಪ್ರಶ್ನೆಯು ನಗೆಗೆ ಯೋಗ್ಯವಾದುದಲ್ಲವೆಂಬುದೇ ನಮ್ಮ ಅಭಿಪ್ರಾಯವು.

ಸತ್ಯವೇದವನ್ನೇ ನೋಡೋಣ. ನೆಹೆಮೀಯನ ಕಾಲದಲ್ಲಿ ಯೆರೂಸಲೇಮಿನ ಗಾಯಕರಿಗೆ ದಿನದಿನದ ಪಾಲು ಗೊತ್ತಾಗಿತ್ತು. ಆ ಪಾಲು ನಿಂತುಹೋದಾಗ ಅವರು ಆಲಯವನ್ನು ಬಿಟ್ಟು ತಂತಮ್ಮ ಹೊಲಗಳಿಗೆ ಹೋದರು. ನೆಹೆಮೀಯನು ಗದರಿಸಿದ್ದು ಗಾಯಕರನ್ನಲ್ಲ, ಅಧಿಕಾರಿಗಳನ್ನು. ಸೆರೆಯಿಂದ ಮರಳಿದವರ ಲೆಕ್ಕದಲ್ಲಿ ಗಾಯಕಿಯರೂ ಸೇರಿದ್ದರೆಂಬುದನ್ನು ನಮ್ಮ ಬಾಲಿಕೆಯರು ಮರೆಯಬಾರದು.

ಇಂಗ್ಲೆಂಡಿನ ಕೆಥೀಡ್ರಲ್ಲುಗಳಲ್ಲಿ ವೇತನದ ಗಾಯಕರಿರುವುದು ಶತಮಾನಗಳ ಪದ್ಧತಿ. ಆದರೆ ಆ ಪೀಠಗಳು ಬಹುಕಾಲ ಪುರುಷರಿಗೂ ಬಾಲಕರಿಗೂ ಮೀಸಲಾಗಿದ್ದವು. ರೋಮನ್ ಸಭೆಯಲ್ಲಿಯೂ 1903ರಲ್ಲಿ ಹತ್ತನೆಯ ಪಯಸ್ ಪೋಪರು ಸ್ತ್ರೀಯರಿಗೆ ಗಾಯಕವೃಂದದಲ್ಲಿ ಸ್ಥಾನವಿಲ್ಲವೆಂದು ವಿಧಿಸಿದ್ದರು. ಸಾಲ್ಸ್‌ಬರಿಯ ಕೆಥೀಡ್ರಲ್ 1991ರಲ್ಲಿ ಬಾಲಿಕೆಯರ ವೃಂದವನ್ನು ಏರ್ಪಡಿಸಿತು. ಲಂಡನ್ನಿನ ಸಂತ ಪೌಲನ ಕೆಥೀಡ್ರಲ್ 2017ರಲ್ಲಿ ಮೊದಲ ಬಾರಿಗೆ ಓರ್ವ ಸ್ತ್ರೀಯನ್ನು ವೇತನದ ಖಾಯಂ ಗಾಯಕಿಯನ್ನಾಗಿ ನೇಮಿಸಿತು. ಹೀಗೆ ಮುಚ್ಚಿದ್ದ ಬಾಗಿಲು ತೆರೆದಿದೆ.

ನಮ್ಮ ಬೆಂಗಳೂರಿನ ಸ್ಥಿತಿಯು ಬೇರೆ. 1812ರಲ್ಲಿ ಕಟ್ಟಿ ಮುಗಿದ ಸಂತ ಮಾರ್ಕನ ಕೆಥೀಡ್ರಲ್ ಇಲ್ಲಿದೆ. ಕನ್ನಡ ಸಭೆಗೆ 1904ರ ಹಡ್ಸನ್ ಸ್ಮಾರಕ ದೇವಾಲಯವಿದೆ. ಆದರೂ ಈ ಊರಿನ ದೇವಾಲಯಗಳಲ್ಲಿ ಹಾಡುವವರು ಬಹುಮಟ್ಟಿಗೆ ಸ್ವಇಚ್ಛೆಯಿಂದ ಸೇವೆ ಮಾಡುವವರೇ. ಹಾಡಿನ ಸಂಬಳವೊಂದರಿಂದಲೇ ಒಲೆ ಹೊತ್ತೀತೆಂದು ಹೇಳಿ ಬಾಲಿಕೆಯನ್ನು ನಾವು ಮೋಸಗೊಳಿಸಲಾರೆವು.

ಆದರೆ ಇದು ಹೀಗೆಯೇ ಇರಬೇಕೇ? ಗೋಡೆಗೆ ಸುಣ್ಣ ಬಳಿದವನಿಗೆ ಕೂಲಿ ಕೊಡುತ್ತೇವೆ. ಹಾಡಿದವಳಿಗೆ ಮಾತ್ರ "ಸೇವೆ" ಎನ್ನುತ್ತೇವೆ. ಪರಭಾಷೆಯ ರಾಗಕ್ಕೆ ಹೊಂದಿಸಿದ ಕನ್ನಡ ಗೀತೆಗಳಲ್ಲಿ ಹ್ರಸ್ವವು ದೀರ್ಘವಾಗಿ ಎಳೆಯಲ್ಪಟ್ಟು, ದೀರ್ಘವು ಮೊಟಕಾಗಿ, ಪದವೇ ಅರ್ಥಗೆಡುವುದನ್ನು ಯಾರು ಕೇಳಿಲ್ಲ? ಈ ತೊಡಕನ್ನು ನೀಗುವ ದಾರಿಯು ಹೊಸತಲ್ಲ. ಕಿಟ್ಟೆಲರು 1862ರಲ್ಲಿಯೇ ತಮ್ಮ "ಕಥಾಮಾಲೆ"ಯಲ್ಲಿ ಯೇಸುವಿನ ಚರಿತ್ರೆಯನ್ನು ನಮ್ಮ ನಾಡಿನ ಛಂದಸ್ಸಿಗೆ ತಂದರು. ಪದದ ಅಂದ ಕೆಡದಂತೆ ಹಾಡಿ ಸಭೆಯನ್ನೂ ಹಾಡಿಸುವುದಕ್ಕೆ ದಿನದಿನದ ಸಾಧನೆ ಬೇಕು. ಬಿಡುವಿನ ವೇಳೆಯ ಸೇವೆಗೆ ಅದು ನಿಲುಕದು. ಆದುದರಿಂದ ದೊಡ್ಡ ಸಭೆಗಳು ನಾಲ್ಕು ಸ್ವರಭಾಗಗಳಿಗೆ ನಾಲ್ವರನ್ನಾದರೂ ಗೊತ್ತಾದ ವೇತನದ ಮೇಲೆ ನೇಮಿಸಬೇಕೆಂದು ನಾವು ಬಿನ್ನವಿಸುತ್ತೇವೆ. ಉಳಿದವರ ಸೇವೆಯು ಅದರಿಂದ ಕುಂದದು. ಕಲಿಸುವವರು ದೊರೆತು ಇನ್ನೂ ಬೆಳೆಯುವುದು.

ಬಾಲಿಕೆಯರಿಗೂ ಒಂದು ಮಾತು. ಮಧುರ ಕಂಠವೊಂದೇ ಸಾಲದು. ಸ್ವರಲಿಪಿಯನ್ನು ನೋಡಿದೊಡನೆ ಹಾಡಲು ಕಲಿಯಿರಿ. ನೆರೆಯವಳ ದನಿಯನ್ನು ಮೀರದೆ ಬೆರೆಯಲು ಕಲಿಯಿರಿ. ಅಭ್ಯಾಸಕ್ಕೆ ಹೊತ್ತು ಮೀರಿ ಹೋಗಬೇಡಿರಿ. ನಿಮ್ಮ ಅಜ್ಜಿಯಂದಿರು ಕಲಿತ ಸೋಲ್‌ಫಾ ಪದ್ಧತಿಗೆ ಬುನಾದಿ ಹಾಕಿದವಳು ನಾರ್ವಿಚ್ಚಿನ ಸಾರಾ ಗ್ಲೋವರ್ ಎಂಬ ಉಪಾಧ್ಯಾಯಿನಿಯೇ. ಉಪಾಧ್ಯಾಯ ವೃತ್ತಿಯನ್ನೋ ಬೇರೊಂದು ಕಸುಬನ್ನೋ ಜೊತೆಗೆ ಕಲಿತಿರಿ. ಅದು ನಾಚಿಕೆಯಲ್ಲ, ವಿವೇಕ.

ಈಗ ಅತ್ತಿಗುಪ್ಪೆಯಲ್ಲಿ ಮೆಟ್ರೋ ಏರಿದವಳು ಎಲ್ಲಿಯೂ ಬದಲಿಸದೆ ಮಹಾತ್ಮ ಗಾಂಧಿ ರಸ್ತೆಯಲ್ಲಿ ಇಳಿಯಬಹುದು. ಕೆಥೀಡ್ರಲ್ ಅಲ್ಲಿಗೆ ದೂರವಲ್ಲ. ದಾರಿಯು ಸುಗಮವಾಗಿದೆ. ಅಲ್ಲಿಗೆ ಹೋದವಳನ್ನು ಸಭೆಯು ಬರಿಯ ಹೊಗಳಿಕೆಯಿಂದ ಹಿಂದಿರುಗಿಸದಿರಲಿ ಎಂಬುದೇ ನಮ್ಮ ಹಾರೈಕೆ.