ಹಸುಗೂಸಿನ ಮನೆಗೆ ಯಾವ ಪುಸ್ತಕ?

ನಮ್ಮ ಕಡೆ ಈಗ ಹೊಸ ಶೋಕಿ ಒಂದು ಬಂದಿದೆ. ಬಸುರಿ ಹೆಣ್ಣಿಗೆ ಬಳೆ ತೊಡಿಸೋ ದಿನ ಹಣ್ಣು, ಸೀರೆ, ಐದಾರು ತರದ ಚಿತ್ರಾನ್ನದ ಜೊತೆಗೆ ಒಂದು ದಪ್ಪ ಇಂಗ್ಲಿಷ್ ಪುಸ್ತಕವನ್ನೂ ತಟ್ಟೆಯಲ್ಲಿಟ್ಟು ಕೊಡ್ತಾರೆ. ಮೇಲೆ ಬಿಳೀ ಮಗುವಿನ ಫೋಟೋ, ಒಳಗೆ ನುಣುಪಾದ ಹಾಳೆ. ಕೊಟ್ಟವರು, ಕೊಯಮತ್ತೂರಿನ ದೊಡ್ಡ ಅಂಗಡಿಯಲ್ಲಿ ಕೊಂಡದ್ದು ಅಂತ ನಾಲ್ಕು ಜನಕ್ಕೆ ಕೇಳೋ ಹಂಗೆ ಹೇಳ್ತಾರೆ. ಇಸ್ಕೊಂಡವರು ಬೀರುವಿನಲ್ಲಿ ಸೀರೆ ಕೆಳಗೆ ಇಡ್ತಾರೆ. ಮಗು ಹುಟ್ಟಿ, ನಡೆದು, ಪಳ್ಳಿಕೂಡಕ್ಕೆ ಹೋದ ಮೇಲೂ ಆ ಪುಸ್ತಕದ ಬೆನ್ನು ಮಡಿಸಿರೋದಿಲ್ಲ. ಇದು ಪುಸ್ತಕಕ್ಕೆ ಮಾಡೋ ಮರ್ಯಾದೆಯೂ ಅಲ್ಲ, ಮಗುವಿಗೆ ಮಾಡೋ ಉಪಕಾರವೂ ಅಲ್ಲ ಅಂತ ಹೇಳೋದಕ್ಕೇ ಈ ಬರಹ.

ನಾನು ಏಳನೇ ಕ್ಲಾಸಿನವಳು. ಹೊಲ ಗೇಯೋದು, ಹಬ್ಬಕ್ಕೆ ಮದುವೆಗೆ ಹಾಡು ಹೇಳೋದು ನನ್ನ ಕೆಲಸ. ಪುಸ್ತಕದ ವಿಚಾರ ಇವಳಿಗೇನು ಗೊತ್ತು ಅಂತ ಮೇಷ್ಟ್ರುಗಳು ಕೇಳಬಹುದು. ಬಿತ್ತನೆ ಬೀಜ ಆರಿಸೋದು ಗೊತ್ತಿರೋಳಿಗೆ ಪುಸ್ತಕ ಆರಿಸೋದೂ ಗೊತ್ತಾಗುತ್ತೆ ಸ್ವಾಮಿ. ಚೀಲದ ಮೇಲಿನ ಚಿತ್ರ ನೋಡಿ ಯಾವ ರೈತನೂ ಬೀಜ ಕೊಳ್ಳೋದಿಲ್ಲ. ಯಾವ ವರ್ಷದ್ದು, ಕೊಡ್ತಿರೋರು ಯಾರು, ನಮ್ಮ ಮಣ್ಣಿಗೆ ಆಗುತ್ತಾ ಅಂತ ಮೂರು ಮಾತು ಕೇಳ್ತಾನೆ. ಮಗು ಸಾಕೋ ಪುಸ್ತಕಕ್ಕೂ ಮೊದಲು ಕೇಳಬೇಕಾದ್ದು ಇವೇ ಮೂರು ಮಾತು. ನಾಲ್ಕನೇದು ಒಂದಿದೆ, ಆಮೇಲೆ ಹೇಳ್ತೀನಿ.

ಅದಕ್ಕೂ ಮುಂಚೆ, ಪುಸ್ತಕವೇ ಬೇಡ ಅನ್ನೋರಿಗೆ ಉತ್ತರ ಕೊಡಬೇಕು. ಇವರಲ್ಲಿ ಎರಡು ಪಂಗಡ.

ಮೊದಲ ಪಂಗಡ ನನ್ನ ವಯಸ್ಸಿನವರದೇ. “ನಾವು ಪುಸ್ತಕ ನೋಡಿ ಹೆತ್ತೆವಾ, ಪುಸ್ತಕ ನೋಡಿ ಸಾಕಿದೆವಾ?” ಅಂತಾರೆ. ಒಪ್ಪಿದೆ. ಆದರೆ ಹೆತ್ತದ್ದೆಷ್ಟು, ಉಳಿದದ್ದೆಷ್ಟು ಅನ್ನೋ ಲೆಕ್ಕವನ್ನೂ ಅದೇ ಬಾಯಲ್ಲಿ ಹೇಳಬೇಕಲ್ಲ? ಹಳೇ ಮನೆಗಳಲ್ಲಿ ಏಳು ಹೆತ್ತು ನಾಲ್ಕು ಉಳಿಸಿಕೊಂಡ ತಾಯಂದಿರನ್ನ ನಾವೆಲ್ಲ ನೋಡಿದ್ದೀವಿ. ಆಕಳು ಕರು ಹಾಕಿದರೆ ಮೊದಲ ಗಿಣ್ಣು ಹಾಲನ್ನ ಕರುವಿಗೆ ಕುಡಿಸದೆ ಬಿಡ್ತೀವಾ? ಕುಡಿಸದಿದ್ದರೆ ಕರು ಉಳಿಯೋದು ಕಷ್ಟ ಅಂತ ದನ ಕಾಯೋ ಹುಡುಗನಿಗೂ ಗೊತ್ತು. ಅದೇ ನಮ್ಮ ಹೆಣ್ಣು ಹೆತ್ತಾಗ, ಮೊದಲ ಹಳದಿ ಹಾಲು ಕೆಟ್ಟದ್ದು ಅಂತ ಹಿಂಡಿ ಚೆಲ್ಲಿಸಿದ ಅಜ್ಜಿಯರು ಎಷ್ಟು ಜನ! ಕರುವಿಗೊಂದು ನ್ಯಾಯ, ಕೂಸಿಗೊಂದು ನ್ಯಾಯ. ಹುಟ್ಟಿದ ಒಂದು ಗಂಟೆಯೊಳಗೆ ಆ ಹಾಲು ಕೊಡಬೇಕು, ಆರು ತಿಂಗಳು ತಾಯಿ ಹಾಲು ಬಿಟ್ಟು ನೀರೂ ಬೇಡ ಅಂತ ಇವತ್ತು ಎಲ್ಲ ಡಾಕ್ಟರುಗಳೂ ಹೇಳ್ತಾರೆ. ನಾಲಿಗೆಗೆ ಜೇನು ಸವರೋದು ಇನ್ನೊಂದು. ಒಂದು ವರ್ಷ ತುಂಬದ ಕೂಸಿಗೆ ಜೇನು ಬೇಡ. ಅದರೊಳಗೆ ಇರಬಹುದಾದ ಒಂದು ಜಾತಿ ಕ್ರಿಮಿಯ ಬೀಜ ಕೂಸಿನ ಕರುಳಲ್ಲಿ ಬೆಳೆದು ಮೈಯೆಲ್ಲ ಸೋತು ಹೋಗೋ ಕಾಯಿಲೆ ತರುತ್ತೆ. ಇನ್ನು ಕತ್ತೆ ಹಾಲು. ಕತ್ತೆ ಹೊಡ್ಕೊಂಡು ಬೀದಿಯಲ್ಲಿ ಕೂಗೋರು ಬಂದರೆ ಒಂದು ಸಂಗಡೆ ಹಾಲಿಗೆ ಕೇಳಿದಷ್ಟು ಕಾಸು ಕೊಡ್ತೀವಿ, ಕಾಯಿಸದೆ ಹಂಗೇ ಕುಡಿಸ್ತೀವಿ. ಹೊಕ್ಕುಳಿಗೆ ಬೂದಿ, ಮೂಗಿಗೆ ಎಣ್ಣೆ, ಭೇದಿ ಆದ ಮಗುವಿಗೆ ನೀರು ನಿಲ್ಲಿಸೋದು, ಇವೂ ಆ ಕಾಲದವೇ.

ಹಳೇದೆಲ್ಲ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಮೆತ್ತಗೆ ಎಣ್ಣೆ ತಿಕ್ಕೋದು ಒಳ್ಳೇದು. ಕೂಸನ್ನ ತಾಯಿ ಎದೆಗೆ ಒತ್ತಿ ಬೆಚ್ಚಗಿಡೋದು ಒಳ್ಳೇದು, ಆಸ್ಪತ್ರೆಯಲ್ಲೂ ಈಗ ಅದನ್ನೇ ಹೇಳ್ತಾರೆ. ಜೋಗುಳ ಒಳ್ಳೇದು ಅಂತ ನಾನು ಹೇಳಬೇಕಾಗಿಲ್ಲ. ಯಾವುದು ಉಳಿಸ್ಕೋಬೇಕು, ಯಾವುದು ಬಿಡಬೇಕು ಅಂತ ಅಜ್ಜಿಗೂ ಸೊಸೆಗೂ ಮಧ್ಯೆ ಪಂಚಾಯ್ತಿ ಮಾಡೋಕೆ ಒಬ್ಬರು ಬೇಕು. ಆ ಒಬ್ಬರೇ ಪುಸ್ತಕ.

ಎರಡನೇ ಪಂಗಡ ಫೋನಿನವರದು. “ಕೇಳಿದ್ದೆಲ್ಲ ಫೋನಿನಲ್ಲಿ ಬರುತ್ತಲ್ಲ ಅಜ್ಜಿ” ಅಂತಾರೆ. ಬರುತ್ತೆ, ಅದೇ ತಾಪತ್ರಯ. ಒಂದು ಕೇಳಿದರೆ ನೂರು ಬರುತ್ತೆ. ಒಬ್ಬ ಬೆಲ್ಲದ ನೀರು ಕುಡಿಸು ಅಂತಾನೆ, ಒಬ್ಬಳು ಬೇಡ ಅಂತಾಳೆ, ಮೂರನೆಯವನು ನನ್ನ ಪುಡಿ ತಗೋ ಅಂತಾನೆ. ಹೇಳಿದವರು ಡಾಕ್ಟರಾ, ವ್ಯಾಪಾರಿಯಾ? ಹೇಳಿದ್ದು ಈ ವರ್ಷವಾ, ಹತ್ತು ವರ್ಷದ ಹಿಂದೆಯಾ? ಯಾರಿಗೂ ತಿಳಿಯೋದಿಲ್ಲ. ಪುಸ್ತಕಕ್ಕೆ ಕೊನೇ ಪಕ್ಷ ಹೆಸರು ಇರುತ್ತೆ, ಇಸವಿ ಇರುತ್ತೆ. ತಪ್ಪು ಬರೆದಿದ್ದರೆ ಬೆರಳಿಟ್ಟು ತೋರಿಸಬಹುದು.

ಈಗ ಮೊದಲನೇ ಮಾತು: ಯಾವ ವರ್ಷದ್ದು? ಅಮೆರಿಕದಲ್ಲಿ ಡಾಕ್ಟರ್ ಬೆಂಜಮಿನ್ ಸ್ಪಾಕ್ ಅಂತ ಇದ್ದರು. 1946ರಲ್ಲಿ ಅವರು ಬರೆದ ಮಗು ಸಾಕೋ ಪುಸ್ತಕ ಲೋಕದಲ್ಲೆಲ್ಲ ಲಕ್ಷ ಲಕ್ಷ ಮಾರಾಟ ಆಯ್ತು. ಆಮೇಲಿನ ಮುದ್ರಣಗಳಲ್ಲಿ ಕೂಸನ್ನ ಬೋರಲಾಗಿ ಮಲಗಿಸಿ ಅಂತ ಬರೆದರು. ಒಳ್ಳೇ ಮನಸ್ಸಿಂದಲೇ ಬರೆದದ್ದು. ಬೋರಲು ಮಲಗಿದ ಕೂಸುಗಳು ನಿದ್ದೆಯಲ್ಲೇ ಸಾಯೋದು ಹೆಚ್ಚು ಅಂತ ಆಮೇಲೆ ತಿಳಿದುಬಂತು. 1990ರ ಆಚೆಗೆ ದೇಶ ದೇಶಗಳಲ್ಲಿ, ಬೆನ್ನ ಮೇಲೆ ಮಲಗಿಸಿ ಅಂತ ಸಾರಿ ಹೇಳಬೇಕಾಯ್ತು. ಅಷ್ಟು ದೊಡ್ಡ ಡಾಕ್ಟರ ಪುಸ್ತಕಕ್ಕೇ ಹಿಂಗಾದರೆ ಹಳೇ ಅಂಗಡಿಯಲ್ಲಿ ಅರ್ಧ ಬೆಲೆಗೆ ತಂದ ಪುಸ್ತಕದ ಪಾಡೇನು?

ಕನ್ನಡದಲ್ಲೂ ಒಂದು ಒಳ್ಳೇ ಪುಸ್ತಕ ಇದೆ, ಡಾಕ್ಟರ್ ಅನುಪಮಾ ನಿರಂಜನ ಅವರ ‘ತಾಯಿ-ಮಗು’. ಡಾಕ್ಟರೂ ಆಗಿ, ಕತೆಗಾರ್ತಿಯೂ ಆಗಿ, ಹೆಣ್ಣುಮಕ್ಕಳಿಗೆ ಹೆದರಿಸದೆ ಹೇಳಿಕೊಟ್ಟ ಅಮ್ಮ ಅವರು. ನಮ್ಮ ಓದುವ ಮನೆಯಲ್ಲಿ ಅದು ಇರಲೇಬೇಕು. ಆದರೆ ಅವರು ತೀರಿಕೊಂಡದ್ದು 1991ರಲ್ಲಿ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್ ಅನ್ನೋ ಐದು ಕಾಯಿಲೆಗೆ ಒಂದೇ ಸೂಜಿ ಸರ್ಕಾರಿ ಆಸ್ಪತ್ರೆಗೆ ಬಂದದ್ದು 2011ರ ಡಿಸೆಂಬರಿನಲ್ಲಿ, ಅದೂ ದೇಶದಲ್ಲೇ ಮೊದಲು ನಮ್ಮ ತಮಿಳುನಾಡಿಗೆ ಮತ್ತೆ ಕೇರಳಕ್ಕೆ. ಹಂಗಾಗಿ ಅವರ ಪುಸ್ತಕದಿಂದ ಧೈರ್ಯ ಕಲೀಬೇಕು, ಸೂಜಿಯ ಪಟ್ಟಿಯನ್ನ ಇವತ್ತಿನ ಕಾರ್ಡಿನಿಂದ ನೋಡಬೇಕು.

ಎರಡನೇ ಮಾತು: ಕೊಡ್ತಿರೋರು ಯಾರು? ಬಿಟ್ಟಿ ಪುಸ್ತಕ ಬಂದರೆ ಹಿಂದಿನ ಹಾಳೆ ತಿರುಗಿಸಿ ನೋಡಿ. ಅಲ್ಲಿ ಡಬ್ಬಿಯ ಚಿತ್ರ ಇದ್ದರೆ ಅದು ಪುಸ್ತಕ ಅಲ್ಲ, ಡಬ್ಬಿಯ ಅಣ್ಣ. ಮಕ್ಕಳ ಹಾಲಿನ ಪುಡಿಯನ್ನ ಜಾಹೀರಾತು ಮಾಡಬಾರದು, ತಾಯಂದಿರಿಗೆ ಸ್ಯಾಂಪಲ್ ಕೊಡಬಾರದು ಅಂತ 1992ರಲ್ಲೇ ನಮ್ಮ ದೇಶದಲ್ಲಿ ಕಾನೂನು ಆಯ್ತು. 2003ರಲ್ಲಿ ಅದನ್ನ ಬಿಗಿ ಮಾಡಿ, ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕೆಲ್ಲ ಹಾಕಿದರು. ಕಾನೂನು ಯಾಕೆ ಬೇಕಾಯ್ತು? ತಾಯಿ ಹಾಲನ್ನ ಯಾರೂ ಮಾರೋಕಾಗೋದಿಲ್ಲ, ಆದ್ದರಿಂದ ಅದರ ಪರವಾಗಿ ಮಾತಾಡೋಕೆ ಏಜೆಂಟರಿಲ್ಲ. ಪುಡಿಗೆ ಇದ್ದಾರೆ. ಡಾಕ್ಟರು ಯಾವುದೋ ಕಾರಣಕ್ಕೆ ಪುಡಿ ಬರೆದುಕೊಟ್ಟರೆ ಅದು ಬೇರೆ ವಿಚಾರ. ಮಾರೋರ ಪುಸ್ತಕ ನೋಡಿ ಡಬ್ಬಿ ಒಡೀಬೇಡಿ.

ಮೂರನೇ ಮಾತು: ನಮ್ಮ ಮಣ್ಣಿಗೆ ಆಗುತ್ತಾ? ಆ ದಪ್ಪ ಇಂಗ್ಲಿಷ್ ಪುಸ್ತಕದಲ್ಲಿ ಆರು ತಿಂಗಳ ಮಗುವಿಗೆ ಕೊಡಿ ಅಂತ ಬರೆದಿರೋ ಹಣ್ಣುಗಳ ಹೆಸರು ನಮ್ಮ ಸಂತೆಯಲ್ಲಿ ಯಾರೂ ಕೂಗಿದ್ದು ಕೇಳಿಲ್ಲ. ನಮ್ಮ ಮನೆಯಲ್ಲಿ ರಾಗಿ ಇದೆ, ಸಜ್ಜೆ ಇದೆ, ಹೆಸರುಬೇಳೆ ಇದೆ, ಬಾಳೆಹಣ್ಣು, ನುಗ್ಗೆಸೊಪ್ಪು, ಮೊಟ್ಟೆ ಇದೆ. ಆರು ತಿಂಗಳು ತುಂಬಿದ ಮೇಲೆ ಇವನ್ನ ಹೆಂಗೆ ಬೇಯಿಸಬೇಕು, ಎಷ್ಟು ಮಸೆಯಬೇಕು, ದಿನಕ್ಕೆ ಎಷ್ಟು ಸಲ ಅಂತ ಹೇಳೋ ಪುಸ್ತಕ ಬೇಕು. ಗಂಜಿ ತಿಳಿಯಾಗಿದ್ದರೆ ಹೊಟ್ಟೆ ತುಂಬುತ್ತೆ, ಮೈ ಹಿಡಿಯೋದಿಲ್ಲ. ಚಮಚ ಓರೆ ಮಾಡಿದರೆ ಸುರಿದು ಹೋಗದಷ್ಟು ಗಟ್ಟಿ ಇರಬೇಕು ಅಂತ ಒಂದು ಸಾಲು ಇರೋ ಪುಸ್ತಕಕ್ಕೆ ನಾನು ನೂರು ಬಣ್ಣದ ಚಿತ್ರ ಬಿಟ್ಟುಕೊಡ್ತೀನಿ.

ನಾಲ್ಕನೇ ಮಾತೇ ಎಲ್ಲಕ್ಕಿಂತ ದೊಡ್ಡದು: ಯಾವಾಗ ಓಡಬೇಕು ಅಂತ ಹೇಳೋ ಹಾಳೆ ಎಲ್ಲಿದೆ? ಪುಸ್ತಕ ಕೈಗೆ ತಗೊಂಡ ತಕ್ಷಣ ಅದನ್ನೇ ಹುಡುಕಿ. ಎರಡು ತಿಂಗಳೊಳಗಿನ ಕೂಸು ಹಾಲು ಕುಡಿಯೋದು ಬಿಟ್ಟರೆ, ಫಿಟ್ಸ್ ಬಂದರೆ, ನಿಮಿಷಕ್ಕೆ 60 ಅಥವಾ ಅದಕ್ಕೂ ಹೆಚ್ಚು ಸಲ ಉಸಿರಾಡಿದರೆ, ಉಸಿರೆಳೆದಾಗ ಎದೆ ಕೆಳಗೆ ಗುಳಿ ಬಿದ್ದರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ತಟ್ಟಿದರೂ ಸರಿಯಾಗಿ ಕೈಕಾಲು ಆಡಿಸದಿದ್ದರೆ, ಅಂಗೈ ಅಂಗಾಲು ಹಳದಿ ಆದರೆ, ಆಗ ಪುಸ್ತಕ ಮುಚ್ಚಿ 108ಕ್ಕೆ ಫೋನ್ ಮಾಡಬೇಕು. ದೃಷ್ಟಿ ತೆಗೆದು, ತಾಯತ ಕಟ್ಟಿಸಿ, ನಾಳೆ ನೋಡೋಣ ಅನ್ನೋಕೆ ಅಲ್ಲಿ ನಾಳೆ ಇರೋದಿಲ್ಲ. ಭೇದಿ ಆದರೆ ಓಆರ್‌ಎಸ್ ಪೊಟ್ಟಣವನ್ನ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಕಲಸಿ ಗುಟುಕು ಗುಟುಕಾಗಿ ಕೊಡಬೇಕು, ತಾಯಿ ಹಾಲು ನಿಲ್ಲಿಸಬಾರದು, ನರ್ಸಮ್ಮ ಕೊಟ್ಟ ಜಿಂಕ್ ಮಾತ್ರೆ ಭೇದಿ ನಿಂತರೂ 14 ದಿನ ಮುಗಿಸಬೇಕು. ಈ ಹಾಳೆ ಇಲ್ಲದ ಪುಸ್ತಕ ಎಷ್ಟು ಚೆಂದ ಇದ್ದರೂ ಬೇಡ.

ಇಷ್ಟೆಲ್ಲ ಇರೋ ಪುಸ್ತಕ ಎಲ್ಲಿ ಸಿಗುತ್ತೆ ಅಂತೀರಾ? ನಿಮ್ಮ ಮನೆಯಲ್ಲೇ ಇದೆ. ಬಸುರಿ ಅಂತ ಬರೆಸಿಕೊಂಡ ದಿನ ನರ್ಸಮ್ಮ ಕೊಟ್ಟ ತಾಯಿ-ಮಗು ರಕ್ಷಣೆ ಕಾರ್ಡು. ಕರ್ನಾಟಕದಲ್ಲಿ ತಾಯಿ ಕಾರ್ಡ್ ಅಂತಾರೆ, ನಮಗೆ ತಮಿಳಿನಲ್ಲಿ ಬರುತ್ತೆ. ಸೂಜಿಯ ಪಟ್ಟಿ, ಊಟದ ವಿಚಾರ, ಅಪಾಯದ ಗುರುತು, ಯಾವ ತಿಂಗಳಿಗೆ ಮಗು ಏನು ಮಾಡುತ್ತೆ, ಹೆಣ್ಣಿಗೂ ಗಂಡಿಗೂ ಬೇರೆ ಬೇರೆ ತೂಕದ ಗೆರೆ, ಎಲ್ಲ ಅದರಲ್ಲಿದೆ. ನಾವು ಅದನ್ನ ಏನು ಮಾಡ್ತೀವಿ? ಮುತ್ತುಲಕ್ಷ್ಮಿ ರೆಡ್ಡಿ ಅಮ್ಮನ ಹೆಸರಿನ ಯೋಜನೆಯ 18,000 ರೂಪಾಯಿ ಬರೋವರೆಗೂ ದೇವರ ಪಟದ ಹಿಂದೆ ಜೋಪಾನವಾಗಿ ಇಟ್ಟಿರ್ತೀವಿ. ಕಾಸು ಬಂದ ಮೇಲೆ ರೇಷನ್ ಕಾರ್ಡಿನ ಚೀಲಕ್ಕೆ ತುರುಕ್ತೀವಿ. ದುಡ್ಡು ಕೊಟ್ಟು ತಂದದ್ದು ಪುಸ್ತಕ, ಬಿಟ್ಟಿ ಬಂದದ್ದು ಕಾಗದ! ಮುತ್ತುಲಕ್ಷ್ಮಿ ಅಮ್ಮ ಹೆಣ್ಣುಮಕ್ಕಳು ಓದೋದೇ ಅಪರೂಪವಾಗಿದ್ದ ಕಾಲದಲ್ಲಿ ಓದಿ ಡಾಕ್ಟರಾದವರು. ಅವರ ಹೆಸರಿನ ದುಡ್ಡು ತಗೊಂಡು ಕಾರ್ಡು ಓದದೆ ಇಡೋದು ನ್ಯಾಯವಾ?

ಇನ್ನು ಭಾಷೆ. 1956ರವರೆಗೆ ಕೊಳ್ಳೇಗಾಲವೇ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಗೆರೆ ಎಳೆದ ಮೇಲೆ ಕೊಳ್ಳೇಗಾಲ ಆಚೆ ಹೋಯ್ತು, ನಾವು ಈಚೆ ಉಳಿದೆವು. ಒಕ್ಕಲಿಗರು, ದೇವಾಂಗ ನೇಕಾರರು, ಅನುಪ್ಪರು, ನಮ್ಮೆಲ್ಲರ ಒಲೆ ಮುಂದಿನ ಮಾತು ಕನ್ನಡ. ಮಕ್ಕಳ ಅಕ್ಷರ ತಮಿಳು. ಈ ಲೇಖನದ ಕನ್ನಡ ಅಕ್ಷರ ಓದೋರು ಊರಲ್ಲಿ ಎಷ್ಟು ಜನ ಅಂತ ನನಗೂ ಗೊತ್ತು. ಹಂಗಾಗಿ ಪುಸ್ತಕ ಯಾವ ಭಾಷೇದು ಅಂತ ಜಗಳ ಬೇಡ. ರಾತ್ರಿ ಎರಡು ಗಂಟೆಗೆ ಕೂಸು ಅತ್ತಾಗ ಆ ಮನೆಯಲ್ಲಿ ಯಾರು ಓದ್ತಾರೋ ಅವರ ಅಕ್ಷರದ ಪುಸ್ತಕ ತನ್ನಿ. ತಮಿಳಿನಲ್ಲಿ ಓದಿ, ಅಜ್ಜಿಗೆ ಕನ್ನಡದಲ್ಲಿ ಹೇಳಿ. ಅಜ್ಜಿಗೆ ಅರ್ಥವಾಗದ ಪುಸ್ತಕ ಆ ಮನೆಯಲ್ಲಿ ಗೆಲ್ಲೋದಿಲ್ಲ, ಯಾಕಂದರೆ ತಿರುಪ್ಪೂರಿನ ಬನಿಯನ್ ಕಂಪನಿಗೆ ತಾಯಿ ಹೋದ ಮೇಲೆ ಕೂಸು ಇರೋದು ಅಜ್ಜಿ ಮಡಿಲಲ್ಲೇ.

ಗಂಡಸರಿಗೂ ಒಂದು ಮಾತು. ಟ್ರ್ಯಾಕ್ಟರ್ ತಂದ ದಿನ ಅದರ ಪುಸ್ತಕವನ್ನ ಮೂರು ಸಲ ಓದ್ತೀರಿ. ಕೂಸು ತಂದ ದಿನ ಪುಸ್ತಕ ಹೆಂಗಸರ ಕೆಲಸ ಆಗುತ್ತೆ. ಬೈಕು ಓಡಿಸೋರು ನೀವು, ದುಡ್ಡು ಇಟ್ಟಿರೋರು ನೀವು. ಓಡಬೇಕಾದ ಹಾಳೆ ನೀವೇ ಓದಿರಬೇಕು.

ಅದಕ್ಕೇ ಓದುವ ಮನೆಯವರನ್ನ ಕೇಳೋದು: ಬಳೆ ತೊಡಿಸೋಕೆ ದಪ್ಪ ಪುಸ್ತಕ ತರೋರು ಆ ದುಡ್ಡನ್ನ ಇಲ್ಲಿಗೆ ಕೊಡಲಿ. ಡಾಕ್ಟರು ಬರೆದ, ಹೊಸ ಮುದ್ರಣದ, ಡಬ್ಬಿಯ ಚಿತ್ರ ಇಲ್ಲದ ಪುಸ್ತಕ ತಮಿಳಿನಲ್ಲಿ ಎರಡು, ಕನ್ನಡದಲ್ಲಿ ಒಂದು ಕೊಂಡು ಇಡಿ. ಏಳನೇ ತಿಂಗಳಿಗೆ ಕೊಟ್ಟು ಕೂಸಿಗೆ ವರ್ಷ ತುಂಬಿದ ಮೇಲೆ ವಾಪಸ್ ತಗೊಳ್ಳಿ. ಮೇಷ್ಟ್ರುಗಳನ್ನ ಕೇಳೋದು: ಬುಧವಾರ ಸೂಜಿ ಹಾಕೋ ದಿನ ಬಾಲವಾಡಿ ಜಗಲಿ ಮೇಲೆ ಕಾಲು ಗಂಟೆ ಕೂತು ಕಾರ್ಡಿನ ಒಂದು ಹಾಳೆ ಗಟ್ಟಿಯಾಗಿ ಓದಿ. ನನ್ನ ಪಾಲಿನ ಕೆಲಸವನ್ನ ನಾನಾಗಲೇ ಶುರು ಮಾಡಿದ್ದೀನಿ. ಅಕ್ಷರ ಬಾರದ ಅಜ್ಜಿಯರಿಗೆ ಕುಮ್ಮಿಯ ತಾಳಕ್ಕೆ ಕಟ್ಟಿಕೊಟ್ಟದ್ದು ಇದು:

ಹಾಲು ಬಿಟ್ಟ ಕೂಸಿಗೆ ದಾರಿ ನೋಡಬೇಡ,
ಉಸಿರು ಓಡೋ ಕೂಸಿಗೆ ಊರು ಕೇಳಬೇಡ,
ಅಂಗಾಲು ಹಳದಿ ಕಂಡರೆ ಅಳುತ ಕೂರಬೇಡ,
ಗಾಡಿ ಹೂಡೋ ಅಪ್ಪಯ್ಯ, ಗಳಿಗೆ ನೋಡಬೇಡ.

ಬರೋ ಬುಧವಾರ ಕಾರ್ಡು ಹಿಡ್ಕೊಂಡು ಬನ್ನಿ. ಹಾಡು ನಾನು ಹೇಳ್ತೀನಿ, ಹಾಳೆ ಮೇಷ್ಟ್ರು ಓದಲಿ.