ಲಕ್ಷಣಗಳು ಅಡಗಿದ ಮೇಲೆ ಕೇಳಬೇಕಾದ ಪ್ರಶ್ನೆ

ಬೈಪೋಲಾರ್ ಕಾಯಿಲೆಯವರು ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಆಸ್ಪತ್ರೆಗೆ ಬಂದಾಗ ಎದುರಾಗುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ತೆರನಾದವು. ನಿದ್ದೆ ಬರುತ್ತಾ? ಮಾತ್ರೆ ತಪ್ಪಿಸ್ತಿಲ್ಲ ತಾನೆ? ಸಿಟ್ಟು, ಅತಿಯಾದ ಮಾತು, ಬೇಜಾರು ಏನಾದರೂ? ಉತ್ತರ ಸಮಾಧಾನಕರವಾಗಿದ್ದರೆ ಅದೇ ಮಾತ್ರೆಗಳನ್ನು ಮುಂದುವರಿಸಲು ಚೀಟಿ ಬರೆದು ಮುಂದಿನವರನ್ನು ಕರೆಯುತ್ತಾರೆ. ಈ ಪ್ರಶ್ನೆಗಳು ಬೇಕೇ ಬೇಕು. ಬೈಪೋಲಾರ್‌ನಲ್ಲಿ ನಿದ್ದೆಯ ಅಗತ್ಯವೇ ಕಡಿಮೆಯಾಗತೊಡಗಿದರೆ ಉನ್ಮಾದ ಮರುಕಳಿಸುತ್ತಿರಬಹುದು. ಅದನ್ನು ಮೊದಲೇ ಹಿಡಿಯದಿದ್ದರೆ ಮನೆ, ಉಳಿತಾಯ, ನಂಟು ಎಲ್ಲವೂ ಕೆಲವೇ ವಾರಗಳಲ್ಲಿ ಕೈತಪ್ಪಬಹುದು. ಆದರೆ ಇಷ್ಟನ್ನೇ ಕೇಳಿ ನಿಲ್ಲಿಸಿದರೆ ಚಿಕಿತ್ಸೆ ಫಲಿಸಿತೋ ಇಲ್ಲವೋ ಎಂಬುದಕ್ಕೆ ಅರ್ಧ ಉತ್ತರವಷ್ಟೇ ಸಿಗುತ್ತದೆ. ಆ ವ್ಯಕ್ತಿ ಸಂತೆಗೆ ಹೋಗಿ ಲೆಕ್ಕ ತಪ್ಪದೆ ಸಾಮಾನು ತರುತ್ತಿದ್ದಾರೆಯೇ, ಕೆಲಸದಲ್ಲಿ ಮೊದಲಿನ ವೇಗ ಇದೆಯೇ, ಮನೆಯವರ ಜೊತೆ ಕೂತು ಊಟ ಮಾಡುತ್ತಿದ್ದಾರೆಯೇ ಎಂಬುದನ್ನು ಬೇರೆಯಾಗಿಯೇ, ಕ್ರಮಬದ್ಧವಾಗಿಯೇ ಅಳೆಯಬೇಕು. ಹಾಗೆ ಅಳೆಯುವಾಗ ಬೈಪೋಲಾರ್ ಎಂಬುದು ಉನ್ಮಾದ, ಖಿನ್ನತೆಗಳ ನಡುವಿನ ಏರಿಳಿತದ ಕಾಯಿಲೆ ಎಂಬುದನ್ನು ಮರೆಯಬಾರದು. ಈ ಎರಡು ಮಾತುಗಳನ್ನು ಸಮರ್ಥಿಸುವುದು ನನ್ನ ಉದ್ದೇಶ.

ಲಕ್ಷಣ ಅಡಗಿದರೆ ಬದುಕು ತಾನಾಗಿ ಹಳಿಗೆ ಬರುತ್ತದೆ ಎಂಬ ನಂಬಿಕೆ ಎಷ್ಟು ಸಡಿಲವಾದದ್ದು ಎಂಬುದನ್ನು ಅಮೆರಿಕದ ಮೆಕ್ಲೀನ್ ಆಸ್ಪತ್ರೆಯ ಅಧ್ಯಯನ ತೋರಿಸಿಕೊಟ್ಟಿದೆ. ಮೊದಲ ಸಲ ಉನ್ಮಾದಕ್ಕೆ ತುತ್ತಾಗಿ ದಾಖಲಾದ 166 ಜನರನ್ನು ಮೌರಿಸಿಯೋ ಟೋಹೆನ್ ಮತ್ತು ಸಂಗಡಿಗರು ಎರಡು ವರ್ಷಗಳ ಕಾಲ ಗಮನಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ರೋಗನಿದಾನಕ್ಕೆ ಬೇಕಾದಷ್ಟು ಲಕ್ಷಣಗಳು ಉಳಿಯದಿರುವ ಹಂತವನ್ನು ಶೇ. 98 ಜನ ಮುಟ್ಟಿದ್ದರು. ಲಕ್ಷಣಗಳು ಹೆಚ್ಚುಕಡಿಮೆ ಪೂರ್ತಿ ಇಳಿದವರು ಶೇ. 72. ಕಾಯಿಲೆಗೆ ಮುಂಚಿನ ಉದ್ಯೋಗ ಮತ್ತು ವಾಸದ ಸ್ಥಿತಿಗೆ ಮರಳಿದವರು ಮಾತ್ರ ಶೇ. 43. ಮೊದಲ ಅಂಕಿಯನ್ನಷ್ಟೇ ನೋಡಿದ ವೈದ್ಯ ತನ್ನ ಕೆಲಸ ಮುಗಿಯಿತೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಮೂರನೆಯ ಅಂಕಿಯ ಹೊರಗೆ ಉಳಿದವರ ಮನೆಯವರಿಗೆ ಹಾಗೆ ಅನ್ನಿಸುವುದು ಸಾಧ್ಯವಿಲ್ಲ. ಈ ಅಂತರಕ್ಕೆ ಕಾರಣಗಳಿವೆ. ಬೈಪೋಲಾರ್‌ನಲ್ಲಿ ಕಣ್ಣಿಗೆ ಬೀಳುವುದು ಉನ್ಮಾದವಾದರೂ ಕಾಲವನ್ನು ಹೆಚ್ಚು ತಿನ್ನುವುದು ಖಿನ್ನತೆ. 146 ರೋಗಿಗಳನ್ನು ಸರಾಸರಿ ಹನ್ನೆರಡು ವರ್ಷಕ್ಕೂ ಮೇಲ್ಪಟ್ಟು ಹಿಂಬಾಲಿಸಿದ ಲೂಯಿಸ್ ಜಡ್ ಅವರ 2002ರ ಅಧ್ಯಯನದಲ್ಲಿ ಸುಮಾರು ಮೂರನೇ ಒಂದು ಪಾಲು ವಾರಗಳು ಖಿನ್ನತೆಯ ಲಕ್ಷಣಗಳಲ್ಲೇ ಕಳೆದಿದ್ದವು. ಅವುಗಳಲ್ಲಿ ಬಹುಪಾಲು ಸೌಮ್ಯ ರೂಪದವು, ಅಂದರೆ ಆಸ್ಪತ್ರೆಯ ಬಾಗಿಲಿಗೆ ತರುವಷ್ಟು ತೀವ್ರವಲ್ಲದವು. ಇನ್ನೊಂದು ಕಾರಣ, ಮನಸ್ಸು ಶಾಂತವಾಗಿದ್ದಾಗಲೂ ಹಲವರಲ್ಲಿ ನೆನಪು, ಗಮನ, ಯೋಜಿಸುವ ಶಕ್ತಿ ಹಿಂದಿನಷ್ಟು ಇರುವುದಿಲ್ಲ. ಸಹಕಾರಿ ಸಂಘವೊಂದರ ಗುಮಾಸ್ತರೊಬ್ಬರು ಇದ್ದಾರೆ ಎಂದುಕೊಳ್ಳಿ. ದಿನದ ಕೊನೆಗೆ ನಗದು ಎಣಿಸಿ ಪುಸ್ತಕಕ್ಕೆ ತಾಳೆ ಹಾಕುವುದು ಅವರಿಗೆ ಹತ್ತು ನಿಮಿಷದ ಕೆಲಸವಾಗಿತ್ತು. ಈಗ ಮೂರು ಸಲ ಎಣಿಸುತ್ತಾರೆ, ಮೂರು ಸಲವೂ ಮೊತ್ತ ಬೇರೆ, ಬೀಗ ಹಾಕಬೇಕಾದ ಜವಾನ ಬಾಗಿಲಲ್ಲೇ ಕಾಯುತ್ತಿರುತ್ತಾನೆ. ಅವರ ಖಿನ್ನತೆಯ ಅಂಕ ಸೊನ್ನೆ, ಉನ್ಮಾದದ ಅಂಕವೂ ಸೊನ್ನೆ.

ಇದನ್ನು ಹಿಡಿಯಬಲ್ಲ ಅಳತೆಗೋಲಿಗಾಗಿ ಮನೋವೈದ್ಯರು ಬಹಳ ಕಾಲ ಹುಡುಕಿದ್ದಾರೆ. ಅಮೆರಿಕದ ರೋಗನಿದಾನ ಕೈಪಿಡಿ ಡಿಎಸ್‌ಎಮ್‌ನಲ್ಲಿ ದಶಕಗಳ ಕಾಲ ಗ್ಯಾಫ್ ಎಂಬ ನೂರು ಅಂಕಗಳ ಮಾಪನವಿತ್ತು. ಅದರಲ್ಲಿ ಲಕ್ಷಣಗಳ ತೀವ್ರತೆ ಮತ್ತು ದೈನಂದಿನ ನಿರ್ವಹಣೆ ಎರಡಕ್ಕೂ ಸೇರಿ ಒಂದೇ ಅಂಕ. ಎರಡೂ ಹೊಂದದಿದ್ದರೆ ಯಾವುದು ಕೆಟ್ಟದಾಗಿದೆಯೋ ಅದೇ ಅಂತಿಮ. ಹೀಗಾಗಿ ಅಂಕ 50 ಎಂದಿದ್ದರೆ ಆತ್ಮಹತ್ಯೆಯ ಯೋಚನೆಯಿಂದ ಹಾಗಾಯಿತೋ, ಕೆಲಸ ಕಳೆದುಕೊಂಡದ್ದರಿಂದಲೋ ಎಂದು ಓದುವವರಿಗೆ ತಿಳಿಯುತ್ತಿರಲಿಲ್ಲ. ಇವೆರಡಕ್ಕೂ ಬೇಕಾದ ನೆರವು ಸಂಪೂರ್ಣ ಬೇರೆ. 2013ರ ಐದನೆಯ ಆವೃತ್ತಿ ಗ್ಯಾಫ್ ಅನ್ನು ಕೈಬಿಟ್ಟದ್ದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ.

ಬೈಪೋಲಾರ್ ರೋಗಿಗಳನ್ನು ಎದುರಿಗಿಟ್ಟುಕೊಂಡೇ ರೂಪಿಸಿದ ಸಾಧನ ಬಾರ್ಸಿಲೋನಾದಿಂದ ಬಂತು. ಆಡ್ರಿಯಾನ್ ರೋಸಾ, ಎಡ್ವರ್ಡ್ ವಿಯೆಟಾ ಮತ್ತಿತರರು 2007ರಲ್ಲಿ ಪ್ರಕಟಿಸಿದ ಫಾಸ್ಟ್ ಎಂಬ ಈ ಸಂದರ್ಶನದಲ್ಲಿ 24 ಅಂಶಗಳಿವೆ. ಸ್ವಾವಲಂಬನೆ, ಉದ್ಯೋಗ, ಬುದ್ಧಿಯ ಕೆಲಸ, ಹಣಕಾಸು, ಸಂಬಂಧಗಳು, ಬಿಡುವಿನ ವೇಳೆ ಎಂಬ ಆರು ವಲಯಗಳಲ್ಲಿ ಅವು ಹಂಚಿಹೋಗಿವೆ. ಒಂದೊಂದಕ್ಕೂ ಸೊನ್ನೆಯಿಂದ ಮೂರು, ಒಟ್ಟು 72. ಅಂಕ ಏರಿದಷ್ಟೂ ತೊಡಕು ಹೆಚ್ಚು. ಕೇಳುವುದು ಕಳೆದ ಹದಿನೈದು ದಿನಗಳ ಬಗ್ಗೆ. ಇದರ ಗುಣ ಇರುವುದು ಪ್ರಶ್ನೆಗಳು ಚಿಕ್ಕಚಿಕ್ಕವಾಗಿರುವುದರಲ್ಲಿ: ಮನಸ್ಸಿನಲ್ಲೇ ಲೆಕ್ಕ ಮಾಡಬಲ್ಲಿರಾ, ಹೊಸ ಹೆಸರುಗಳು ನೆನಪಿನಲ್ಲಿ ಉಳಿಯುತ್ತವೆಯೇ, ಕೆಲಸವನ್ನು ಬೇಕಾದ ವೇಗದಲ್ಲಿ ಮುಗಿಸುತ್ತೀರಾ, ಹಣವನ್ನು ಹಿಡಿತದಲ್ಲಿ ಖರ್ಚು ಮಾಡುತ್ತೀರಾ. ನಮ್ಮ ಗುಮಾಸ್ತರ ತೊಂದರೆ ಇಲ್ಲಿ ಕಾಣಿಸದೆ ಹೋಗುವುದಿಲ್ಲ.

ಆದರೂ ಇದನ್ನು ಇದ್ದ ಹಾಗೆಯೇ ತಂದು ಕಲಬುರಗಿಯಲ್ಲೋ ಚಾಮರಾಜನಗರದಲ್ಲೋ ಬಳಸಿದರೆ ತಪ್ಪು ಉತ್ತರಗಳೂ ಬರುತ್ತವೆ. ಒಬ್ಬರೇ ಬಾಳಬಲ್ಲಿರಾ ಎಂಬ ಅಂಶವನ್ನೇ ನೋಡಿ. ನಮ್ಮಲ್ಲಿ ಮೂವತ್ತೈದರ ಮಗ ಅಪ್ಪ ಅಮ್ಮನ ಜೊತೆ ಇರುವುದು ಅಸಾಮರ್ಥ್ಯದ ಗುರುತಲ್ಲ, ಅದೇ ರೂಢಿ. ಓದಿದ ವಿದ್ಯೆಗೆ ತಕ್ಕ ಕೆಲಸದಲ್ಲಿದ್ದೀರಾ ಎಂಬುದಕ್ಕೆ ಇಲ್ಲ ಎನ್ನುವ ಪದವೀಧರರು ಯಾವ ಕಾಯಿಲೆಯೂ ಇಲ್ಲದೆ ಬೇಕಾದಷ್ಟಿದ್ದಾರೆ. ಸಂಬಳದ ಕೆಲಸ ಉಳಿಸಿಕೊಂಡಿದ್ದೀರಾ ಎಂಬ ಪ್ರಶ್ನೆ ಬೆಳಗಿನ ಜಾವ ಎದ್ದು ಹಾಲು ಕರೆದು, ಡೈರಿಗೆ ಹಾಕಿ, ಅಡುಗೆ ಮುಗಿಸಿ ಹೊಲಕ್ಕೆ ಹೋಗುವ ಹೆಂಗಸನ್ನು ನಿರುದ್ಯೋಗಿ ಎಂದು ಬರೆದುಬಿಡುತ್ತದೆ; ಆಕೆ ಖಿನ್ನತೆಯಿಂದ ಎರಡು ವಾರ ಕೊಟ್ಟಿಗೆಯ ಕಡೆ ಸುಳಿಯದಿದ್ದರೂ ಅದು ಉದ್ಯೋಗದ ಅಂಕದಲ್ಲಿ ಮೂಡುವುದಿಲ್ಲ. ಈ ವಿಷಯದಲ್ಲಿ ಭಾರತೀಯ ಮನೋವೈದ್ಯಕೀಯ ಸಂಘ ರೂಪಿಸಿದ ಐಡಿಯಾಸ್ ಮಾಪನ ಹೆಚ್ಚು ನ್ಯಾಯವಾಗಿ ನಡೆದುಕೊಂಡಿದೆ. ಅದರಲ್ಲಿ ಕೆಲಸ ಎಂದರೆ ಉದ್ಯೋಗ, ಮನೆಗೆಲಸ, ಓದು ಮೂರೂ ಸೇರುತ್ತವೆ.

ಐಡಿಯಾಸ್‌ನ ಕಷ್ಟ ಬೇರೆ ಕಡೆ ಇದೆ. 2002ರಲ್ಲಿ ಸರ್ಕಾರ ಅಧಿಸೂಚನೆ ಹೊರಡಿಸಿದ ಈ ಮಾಪನದಲ್ಲಿ ಸ್ವಂತ ಆರೈಕೆ, ಜನರ ಜೊತೆಗಿನ ನಡವಳಿಕೆ, ಮಾತು ಮತ್ತು ತಿಳಿವಳಿಕೆ, ಕೆಲಸ ಎಂಬ ನಾಲ್ಕು ಬಾಬತ್ತುಗಳಿಗೆ ತಲಾ ನಾಲ್ಕರವರೆಗೆ ಅಂಕ. ಕಾಯಿಲೆ ಎಷ್ಟು ವರ್ಷದ್ದು ಎಂಬುದಕ್ಕೆ ಮತ್ತೆ ಒಂದರಿಂದ ನಾಲ್ಕು. ಒಟ್ಟು ಏಳು ಮುಟ್ಟಿದರೆ ಶೇ. 40ರ ಅಂಗವೈಕಲ್ಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮೀಸಲಾತಿಯಂಥ ಸೌಲಭ್ಯಗಳಿಗೆ ಹೊಸ್ತಿಲು ಅದೇ 40. ಹತ್ತು ವರ್ಷ ಮೀರಿದ ಕಾಯಿಲೆಯವರು ಯಾವ ಪ್ರಶ್ನೆಗೂ ಉತ್ತರಿಸುವ ಮೊದಲೇ ನಾಲ್ಕು ಅಂಕ ಪಡೆದಿರುತ್ತಾರೆ. ವರ್ಷದ ಹಿಂದೆ ಕಾಲೇಜು ಬಿಟ್ಟ, ಎರಡು ಸಲ ದಾಖಲಾದ ಹುಡುಗಿಗೆ ಒಂದೇ ಅಂಕ. ದೀರ್ಘ ಕಾಯಿಲೆ ಬದುಕನ್ನು ಸವೆಸುತ್ತದೆ ಎಂಬುದು ನಿಜವೇ, ಆದರೆ ಆ ಸವೆತ ಉಳಿದ ನಾಲ್ಕು ಬಾಬತ್ತುಗಳಲ್ಲಿ ಕಾಣಿಸಿಕೊಳ್ಳಲೇಬೇಕಲ್ಲವೆ? ಬೈಪೋಲಾರ್‌ಗೆ ಇದಕ್ಕಿಂತ ದೊಡ್ಡ ತೊಡಕು ಪರೀಕ್ಷೆಯ ದಿನ. ಅಂಗವೈಕಲ್ಯ ಪ್ರಮಾಣಪತ್ರ ಕೊಡುವ ವೈದ್ಯಕೀಯ ಬೋರ್ಡಿನ ಮುಂದೆ ಬಂದವರು ಆ ತಿಂಗಳು ಸಮಸ್ಥಿತಿಯಲ್ಲಿದ್ದರೆ ನೆಟ್ಟಗೆ ಕೂತು ನೆಟ್ಟಗೆ ಉತ್ತರಿಸುತ್ತಾರೆ, ಅಂಗವೈಕಲ್ಯ ಎಲ್ಲಿದೆ ಎಂದು ನೋಡುವವರಿಗೇ ಅನುಮಾನ ಬರುತ್ತದೆ. ಹಿಂದಿನ ಎರಡು ವರ್ಷಗಳಲ್ಲಿ ಎಷ್ಟು ತಿಂಗಳು ಹೋದವು, ಎಷ್ಟು ಕೆಲಸ ಕೈಬಿಟ್ಟವು ಎಂಬ ದಾಖಲೆ ಇಲ್ಲದಿದ್ದರೆ ಆ ಅನುಮಾನಕ್ಕೆ ಉತ್ತರವೂ ಇಲ್ಲ. ಏರಿಳಿಯುವ ಕೆರೆಯ ನೀರನ್ನು ಒಂದು ಬೆಳಗಿನ ಮಟ್ಟ ನೋಡಿ ಅಳೆದಂತಾಯಿತು. ಅಳತೆ ಆಗಾಗ ನಡೆದು, ಫೈಲಿನಲ್ಲಿ ಸಾಲಾಗಿ ಕೂಡಿಬಂದಿದ್ದರೆ ಮಾತ್ರ ಈ ಕಾಯಿಲೆಯವರಿಗೆ ನ್ಯಾಯ ಸಿಗುತ್ತದೆ.

ಹೀಗೆ ಅಳೆಯುವುದಕ್ಕೆ ಬರುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು, ಉತ್ತರ ಕೊಡುವವರ ಮನಸ್ಥಿತಿಯೇ ಉತ್ತರವನ್ನು ಬಣ್ಣಗೆಡಿಸುತ್ತದೆ ಎಂಬುದು. ಉನ್ಮಾದದ ಅಂಚಿನಲ್ಲಿರುವವರಿಗೆ ತಾವು ಹಿಂದೆಂದೂ ಇಷ್ಟು ಚೆನ್ನಾಗಿ ಕೆಲಸ ಮಾಡಿದ್ದಿಲ್ಲ ಅನ್ನಿಸುತ್ತದೆ. ಖಿನ್ನತೆಯಲ್ಲಿರುವವರು ಮಾಡಿದ ಕೆಲಸವನ್ನೂ ಮಾಡಿಲ್ಲ ಎನ್ನುತ್ತಾರೆ. ಆಕ್ಷೇಪ ನಿಜ. ಹಾಗೆಂದು ಅಳತೆಯನ್ನೇ ಬಿಟ್ಟರೆ ಅದೇ ಬಣ್ಣಗೆಟ್ಟ ಉತ್ತರ "ಹೇಗಿದ್ದೀರಿ?" ಎಂಬ ಪ್ರಶ್ನೆಗೂ ಬರುತ್ತದೆ, ಅದನ್ನು ಸರಿಪಡಿಸಲು ಆಧಾರವೇ ಇರುವುದಿಲ್ಲ. ನಿರ್ದಿಷ್ಟ ಪ್ರಶ್ನೆ ಕೇಳುವುದು, ಲಕ್ಷಣಗಳ ಅಂಕವನ್ನು ಪಕ್ಕದಲ್ಲೇ ಬರೆಯುವುದು, ರೋಗಿಯ ಒಪ್ಪಿಗೆ ಪಡೆದು ಮನೆಯವರನ್ನೂ ಕೇಳುವುದು ಇದಕ್ಕೆ ಇರುವ ದಾರಿ. ಮನೆಯವರ ಮಾತೇ ಕೊನೆಯದಾಗಬಾರದು ಎಂಬುದನ್ನೂ ಇಲ್ಲೇ ಹೇಳಬೇಕು. ದುಡಿಯುವ ಮಗ ಬೇಕೆನ್ನುವ ಅಪ್ಪನಿಗೂ, ಎದುರು ಮಾತಾಡದ ಸೊಸೆ ಬೇಕೆನ್ನುವ ಅತ್ತೆಗೂ ಚೇತರಿಕೆಯ ಬಗ್ಗೆ ತಮ್ಮದೇ ನಿರೀಕ್ಷೆ ಇರುತ್ತದೆ. ತನ್ನ ಹಿತವನ್ನು ತಾನೇ ಕಾಪಾಡಿಕೊಳ್ಳುವುದನ್ನು ಫಾಸ್ಟ್ ಒಂದು ಸಾಮರ್ಥ್ಯವೆಂದು ಎಣಿಸುತ್ತದೆ; ಎಷ್ಟೋ ಮನೆಗಳಲ್ಲಿ ಅದನ್ನೇ ಕಾಯಿಲೆ ಮರುಕಳಿಸಿದ್ದೆಂದು ಓದುವ ಅಪಾಯವಿದೆ.

ಮನುಷ್ಯನ ಬದುಕನ್ನು ಅಂಕಕ್ಕೆ ಇಳಿಸುವುದು ಅವಮಾನ ಎನ್ನುವವರೂ ಇದ್ದಾರೆ. ಅಂಕವೊಂದೇ ಫೈಲಿನಲ್ಲಿ ಉಳಿದು ಅದರ ಹಿಂದಿನ ಉತ್ತರಗಳು ಕಳೆದುಹೋದರೆ ಅವರ ಮಾತು ಸರಿ. ಫಾಸ್ಟ್‌ನಲ್ಲಿ 30 ಅಂಕದ ಇಬ್ಬರಲ್ಲಿ ಒಬ್ಬರಿಗೆ ಸಾಲ ತೀರಿಸುವ ದಾರಿ ಬೇಕಿರಬಹುದು, ಇನ್ನೊಬ್ಬರಿಗೆ ಗೆಳೆಯರು ಬೇಕಿರಬಹುದು. ಆದ್ದರಿಂದ ಮೊತ್ತಕ್ಕಿಂತ ಯಾವ ವಲಯದಲ್ಲಿ ಎಷ್ಟು ಎಂಬುದನ್ನು ನೋಡಬೇಕು. ಹೊರರೋಗಿ ವಿಭಾಗದಲ್ಲಿ ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಬೈಪೋಲಾರ್ ಇರುವವರಲ್ಲಿ ಸುಮಾರು ಶೇ. 70 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ; ಇರುವ ಸಮಯ ಮೊದಲು ಅಂಥವರಿಗೆ ಸಲ್ಲಲಿ ಎಂದರೆ ಅದೂ ನ್ಯಾಯವೇ. ಆದರೆ ಫಾಸ್ಟ್ ಮುಗಿಸಲು ಕೆಲವೇ ನಿಮಿಷ ಸಾಕು, ಅದನ್ನು ವೈದ್ಯರೇ ಕೇಳಬೇಕೆಂದಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ತಂಡದ ಸಮಾಜ ಕಾರ್ಯಕರ್ತರೋ ನರ್ಸೋ ತರಬೇತಿ ಪಡೆದು, ರೋಗಿ ಸರದಿಗೆ ಕಾಯುವಾಗಲೇ ಕೇಳಿ ಬರೆದಿಡಬಹುದು.

ಅಳೆದು ಮಾಡುವುದೇನು ಎಂದರೆ, ಮಾಡುವುದಿದೆ. ಸ್ಪೇನಿನಲ್ಲಿ 239 ಬೈಪೋಲಾರ್ ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 21 ವಾರಗಳ ತರಬೇತಿ ಕೊಟ್ಟರು: ನೆನಪಿಗೆ ಕ್ಯಾಲೆಂಡರ್ ಬಳಸುವುದು, ಕೆಲಸವನ್ನು ತುಂಡು ಮಾಡಿ ಯೋಜಿಸುವುದು, ಗಮನ ಹಿಡಿದಿಡುವುದು. ಎಂದಿನ ಚಿಕಿತ್ಸೆಯನ್ನಷ್ಟೇ ಪಡೆದವರಿಗಿಂತ ಇವರ ಫಾಸ್ಟ್ ಅಂಕ ಸುಧಾರಿಸಿತ್ತು. ಔಷಧಿಯ ವಿಷಯದಲ್ಲೂ ಹೀಗೆಯೇ. ಲಿಥಿಯಂನಿಂದ ಕೈ ನಡುಗಿ ದರ್ಜಿಯೊಬ್ಬರು ಸೂಜಿಗೆ ದಾರ ಪೋಣಿಸಲಾರದೆ ಹೋದರೆ ಲಕ್ಷಣಗಳ ಪಟ್ಟಿ ಏನನ್ನೂ ಹೇಳುವುದಿಲ್ಲ. ಕೆಲಸದ ಬಗ್ಗೆ ಕೇಳಿದಾಗ ಮೊದಲು ಬರುವ ದೂರೇ ಅದು, ಪ್ರಮಾಣ ತಗ್ಗಿಸಬಹುದೇ ಎಂದು ಯೋಚಿಸಲು ಆಗ ಅವಕಾಶ ಸಿಗುತ್ತದೆ. ಇವೆಲ್ಲಕ್ಕೂ ಮೊದಲ ಭೇಟಿಯಲ್ಲೇ ಒಂದು ಪುಟ ತುಂಬಬೇಕು: ಕಾಯಿಲೆಗೆ ಮುಂಚೆ ಈ ವ್ಯಕ್ತಿ ಏನು ಮಾಡುತ್ತಿದ್ದರು, ಎಷ್ಟು ದುಡಿಯುತ್ತಿದ್ದರು, ಯಾರ ಜೊತೆ ಒಡನಾಡುತ್ತಿದ್ದರು, ಮತ್ತೆ ಏನು ಮಾಡಬೇಕೆಂದು ಬಯಸುತ್ತಾರೆ. ಐದು ವರ್ಷದ ನಂತರ ಬೇರೆ ವೈದ್ಯರು ಆ ಫೈಲು ತೆರೆದಾಗ ಕಾಯಿಲೆಗೆ ಮುಂಚಿನ ಬದುಕಿನೊಂದಿಗೆ ಹೋಲಿಸಿ ನೋಡಲು ಅವರಿಗೆ ಇರುವುದು ಆ ಪುಟವೊಂದೇ.