ಅಡ್ರೆಸ್ ಬುಕ್ಕಿನಲ್ಲಿ ಕನ್ನಡದ ಹೆಸರು ಇರಬಾರದೇ?

"ಹೆಸರುಗಳನ್ನೆಲ್ಲ ಇಂಗ್ಲಿಷಿನಲ್ಲೇ ಟೈಪ್ ಮಾಡಿಬಿಡಿ ಸಾರ್, ತಲೆನೋವೇ ಇರಲ್ಲ." ಎಕ್ಸೆಲ್ ಶೀಟಿನಲ್ಲಿರೋ ಕನ್ನಡದ ಹೆಸರುಗಳನ್ನ ಇಮೇಲ್ ಪ್ರೋಗ್ರಾಮಿನ ಅಡ್ರೆಸ್ ಬುಕ್ಕಿಗೆ ತುಂಬೋದು ಹೇಗೆ ಅಂತ ಕೇಳಿ ನೋಡಿ, ಸಾಮಾನ್ಯವಾಗಿ ಸಿಗೋ ಮೊದಲ ಉತ್ತರ ಇದು. ಕಂಪ್ಯೂಟರ್ ಗೊತ್ತಿಲ್ಲದವರು ಹೇಳಿದರೆ ನಕ್ಕು ಸುಮ್ಮನಾಗಬಹುದು. ಯೂನಿಕೋಡ್ ಬಲ್ಲವರೇ, ದಿನಾ ಕನ್ನಡದಲ್ಲಿ ಬರೆಯೋರೇ ಹೀಗೆ ಹೇಳಿದಾಗ ಮಾತ್ರ ನನಗೆ ಸ್ವಲ್ಪ ಸಿಟ್ಟು ಬರುತ್ತೆ.

ಈ ಕೆಲಸ ಬೀಳೋದು ಯಾರಿಗೆ ಹೇಳಿ? ಊರ ಶಾಲೆಯ ಹಳೆ ವಿದ್ಯಾರ್ಥಿಗಳ ಬಳಗ, ಹವ್ಯಾಸಿ ನಾಟಕ ತಂಡ, ಚಂದಾದಾರರನ್ನೇ ನಂಬಿಕೊಂಡ ಪುಟ್ಟ ಪತ್ರಿಕೆ. ಇಂಥ ಕಡೆ ಯಾರೋ ಒಬ್ಬ ಪುಣ್ಯಾತ್ಮ ರಾತ್ರಿಯೆಲ್ಲ ಕೂತು ಮುನ್ನೂರು ನಾನೂರು ಹೆಸರುಗಳ ಪಟ್ಟಿ ಮಾಡಿರ್ತಾನೆ, ಅದೂ ಅಚ್ಚ ಕನ್ನಡದಲ್ಲಿ. ಆಮಂತ್ರಣ ಹೋಗೋ ಹೊತ್ತಿಗೆ ಆ ಪಟ್ಟಿ ಮೇಲ್ ಪ್ರೋಗ್ರಾಮಿಗೆ ಇಳಿಯಬೇಕು. ಇಳಿಸಿದ್ದೇ ತಡ, ಹೆಸರಿನ ಜಾಗದಲ್ಲೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆ! ಆಗ ಬರೋ ಸಲಹೆ, ಮೇಲೆ ಹೇಳಿದ್ದು. ನಾನೂರು ಹೆಸರನ್ನ ಮತ್ತೆ ಇಂಗ್ಲಿಷಿನಲ್ಲಿ ಕುಟ್ಟಬೇಕಂತೆ.

ನನ್ನ ವಾದ ಇಷ್ಟೇ. ಹಾಗೆ ಸೋಲೊಪ್ಪಿಕೊಳ್ಳೋ ಅಗತ್ಯ ಇಲ್ಲ. ಅಡ್ಡಿ ಇರೋದು ಕನ್ನಡದಲ್ಲಿ ಅಲ್ಲ, ಪಟ್ಟಿಯನ್ನು ದಾಟಿಸೋ ದೋಣಿಯಲ್ಲಿ.

ಆ ದೋಣಿಯ ಹೆಸರು ಸಿಎಸ್‌ವಿ. ಸಾಲಿಗೊಬ್ಬ ಮನುಷ್ಯ, ಖಾನೆಗಳ ನಡುವೆ ಒಂದೊಂದು ಅಲ್ಪವಿರಾಮ, ಮುಗೀತು. ಎಷ್ಟೋ ವರ್ಷ ಎಲ್ಲರೂ ತಮತಮಗೆ ತೋಚಿದಂತೆ ಬಳಸುತ್ತಿದ್ದ ಇದಕ್ಕೆ 2005ರಲ್ಲಿ ಆರ್‌ಎಫ್‌ಸಿ 4180 ಅನ್ನೋ ದಾಖಲೆ ಬಂತು. ಆದರೆ 'ನನ್ನೊಳಗಿರೋ ಅಕ್ಷರಗಳು ಇಂಥ ಎನ್‌ಕೋಡಿಂಗಿನಲ್ಲಿವೆ' ಅಂತ ಫೈಲು ತಾನೇ ಹೇಳಿಕೊಳ್ಳೋಕೆ ಅದರೊಳಗೆ ಒಂದು ಸಾಲೂ ಇಲ್ಲ. ಬರೆಯುವ ಪ್ರೋಗ್ರಾಮು ಒಂದು ಅಂದುಕೊಳ್ಳುತ್ತೆ, ಓದುವ ಪ್ರೋಗ್ರಾಮು ಇನ್ನೊಂದು. ಇಬ್ಬರೂ ಇಂಗ್ಲಿಷ್ ಮಾತ್ರ ನೋಡೋವರೆಗೆ ಜಗಳ ಬರೋಲ್ಲ. ಕನ್ನಡ ಬಂದ ಕೂಡಲೇ ಬಣ್ಣ ಬಯಲು.

ಇಲ್ಲೊಂದು ಹಳೇ ಕಥೆ ಇದೆ. ಯೂನಿಕೋಡ್ ಬರೋ ಮುಂಚೆ ರಷ್ಯನ್ನರಿಗೆ, ಜಪಾನೀಯರಿಗೆ, ಥಾಯ್ ಜನಕ್ಕೆ ವಿಂಡೋಸ್‌ನಲ್ಲಿ ತಮ್ಮದೇ ಆದ ಕೋಡ್ ಪೇಜ್ ಇತ್ತು. ರಷ್ಯನ್‌ಗೆ 1251, ಜಪಾನಿಗೆ 932, ಥಾಯ್‌ಗೆ 874. ಹಾಗಾಗಿ ಅವರ ಹಳೇ ಸಿಎಸ್‌ವಿ ಫೈಲು ಅವರ ಊರಿನ ಕಂಪ್ಯೂಟರಿನಲ್ಲಾದರೂ ನೆಟ್ಟಗೆ ತೆರೆದುಕೊಳ್ಳುತ್ತಿತ್ತು. ಕನ್ನಡಕ್ಕೆ ಅಂಥದ್ದು ಸಿಗಲೇ ಇಲ್ಲ. ತುಂಗಾ ಫಾಂಟಿನ ಜತೆ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಬಂದಾಗ ನೇರ ಯೂನಿಕೋಡಾಗಿಯೇ ಬಂತು. ಒಳ್ಳೇದೇ ಆಯ್ತು ಅನ್ನಿ. ಆದರೆ ಹಳೇ ಕೋಡ್ ಪೇಜನ್ನೇ ನಂಬಿಕೊಂಡ ಪ್ರೋಗ್ರಾಮುಗಳ ಮುಂದೆ ನಾವು ವಿಳಾಸ ಇಲ್ಲದವರಾದೆವು. ಎಕ್ಸೆಲ್‌ನ ಮಾಮೂಲಿ ಸಿಎಸ್‌ವಿ ಆಯ್ಕೆ ಇವತ್ತಿಗೂ ಆ ಹಳೇ ಕೋಡ್ ಪೇಜಿನಲ್ಲೇ ಬರೆಯುತ್ತೆ. ಅಲ್ಲಿ 'ಕ' ಇಲ್ಲ, ಹಾಗಾಗಿ 'ಕ' ಜಾಗಕ್ಕೆ ಒಂದು ಪ್ರಶ್ನಾರ್ಥಕ.

ಇದು ಬರೀ ತೋರಿಕೆಯ ದೋಷ ಅಲ್ಲ, ಗಮನಿಸಿ. ಫೈಲಿನೊಳಗೇ ಪ್ರಶ್ನಾರ್ಥಕ ಕೂತುಬಿಟ್ಟಿರುತ್ತೆ. 'ಪುಟ್ಟಪ್ಪ' ಅನ್ನೋದು ಎಂಟು ಪ್ರಶ್ನಾರ್ಥಕ. 'ವೆಂಕಟಪ್ಪ' ಅನ್ನೋದೂ ಎಂಟೇ. ಯಾವ ಫಾಂಟು ಹಾಕಿದರೂ, ಯಾವ ಬ್ರಹ್ಮ ಬಂದರೂ ಇದು ಪುಟ್ಟಪ್ಪ, ಅದು ವೆಂಕಟಪ್ಪ ಅಂತ ಮತ್ತೆ ಹೇಳಲಾರ. ಮೂಲ ಎಕ್ಸೆಲ್ ಫೈಲನ್ನ ಅಳಿಸಿ ಸಿಎಸ್‌ವಿ ಮಾತ್ರ ಇಟ್ಟುಕೊಂಡಿದ್ದರೆ ಹೆಸರುಗಳಿಗೆ ಎಳ್ಳುನೀರು.

ಇನ್ನೊಂದು ಬಗೆಯ ಅವತಾರ ಇದೆ. ಹೆಸರಿನ ಜಾಗದಲ್ಲಿ ತಲೆ ಮೇಲೆ ಓರೆಗೆರೆ ಇರೋ ಇಂಗ್ಲಿಷಿನ ಸಣ್ಣ 'ಎ', ಅದರ ಪಕ್ಕ ಎತ್ತರದಲ್ಲಿ ಪುಟಾಣಿ 2 ಇಲ್ಲವೇ 3, ಆಮೇಲೆ ಏನೋ ಒಂದು, ಮತ್ತೆ ಅದೇ 'ಎ'. ನೋಡೋಕೆ ಇದು ಇನ್ನೂ ಭಯಂಕರ, ಆದರೆ ಇದನ್ನ ಕಂಡರೆ ಖುಷಿಪಡಿ :-) ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕು. ಆ ಮೂರನ್ನೂ ಓದುವವನು ಬೇರೆಬೇರೆ ಅಕ್ಷರ ಅಂತ ತಿಳಿದರೆ ಹೀಗಾಗುತ್ತೆ. 'ಕನ್ನಡ' ಅನ್ನೋ ಐದು ಚಿಹ್ನೆಗಳ ಪದ ಹದಿನೈದು ತುಂಡಾಗಿ ಕಾಣುತ್ತೆ. ಫೈಲು ಸರಿ ಇದೆ, ಓದಿದ್ದು ತಪ್ಪು ಅಷ್ಟೇ. ಅಡ್ರೆಸ್ ಬುಕ್ಕಿಗೆ ಬಂದದ್ದನ್ನ ಅಳಿಸಿ, ಯುಟಿಎಫ್-8 ಅಂತ ಹೇಳಿ ಮತ್ತೆ ಇಂಪೋರ್ಟ್ ಮಾಡಿದರಾಯ್ತು. (ಬರೀ ಚೌಕ ಚೌಕ ಕಂಡರೆ ಅದು ಫಾಂಟಿನ ಕೊರತೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.)

ಮೂರನೆಯದು ನಮ್ಮ ಮನೆಯದೇ ಕಾಯಿಲೆ. ಪಟ್ಟಿಯನ್ನ ನುಡಿ ಅಥವಾ ಬರಹದ ಹಳೇ ಫಾಂಟಿನಲ್ಲಿ ಮಾಡಿದ್ದರೆ ಎಕ್ಸೆಲ್‌ನಲ್ಲಿ ಅದು ಚೆಂದದ ಕನ್ನಡ. ಅಡ್ರೆಸ್ ಬುಕ್ಕಿಗೆ ಬಂದರೆ ದೊಡ್ಡ 'ಪಿ', ಕೊಕ್ಕೆ ಇಟ್ಟ ದೊಡ್ಡ 'ಎ', ನಡುವೆ ಬ್ರಿಟಿಷರ ಪೌಂಡಿನ ಗುರುತು! 'ಕನ್ನಡ' ಅಂತ ಬರೆದದ್ದರ ಗತಿ ಇದು. ಯಾಕಂದ್ರೆ ಅಲ್ಲಿ ಇದ್ದದ್ದು ಕನ್ನಡದ ವೇಷ ಹಾಕಿದ ಇಂಗ್ಲಿಷ್ ಅಕ್ಷರಗಳು. ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಆಮೇಲೆ ಉಳಿದ ಮಾತು. ಹೆಸರಿನ ಕಾಲಂ ಮಾತ್ರ ಪರಿವರ್ತಿಸಿ, ಇಮೇಲ್ ಕಾಲಂ ಮುಟ್ಟಬೇಡಿ. ಮುಟ್ಟಿದರೆ ವಿಳಾಸಗಳೂ ಕನ್ನಡವಾಗಿ ಕೂತು ಹೊಸ ತಮಾಷೆ ಶುರುವಾಗುತ್ತೆ.

ಸರಿ, ದಾಟಿಸೋದು ಹೇಗೆ? ಎಕ್ಸೆಲ್ 2016 ಮತ್ತು ಆಮೇಲಿನವುಗಳಲ್ಲಿ, ಅಪ್‌ಡೇಟ್ ಆಗಿದ್ದರೆ, 'ಸೇವ್ ಆ್ಯಸ್' ಪಟ್ಟಿಯಲ್ಲಿ ಸಿಎಸ್‌ವಿ ಯುಟಿಎಫ್-8 ಅಂತಲೇ ಪ್ರತ್ಯೇಕ ಆಯ್ಕೆ ಇದೆ, ಅದನ್ನೇ ಆರಿಸಿ. ನನಗೆ ಇಷ್ಟ ಲಿಬ್ರೆಆಫೀಸ್. ಸಿಎಸ್‌ವಿಯಾಗಿ ಉಳಿಸುವಾಗ ಅದು ಮರ್ಯಾದೆಯಿಂದ 'ಯಾವ ಎನ್‌ಕೋಡಿಂಗ್?' ಅಂತ ಕೇಳುತ್ತೆ, ತೆರೆಯುವಾಗಲೂ ಕೇಳುತ್ತೆ. ಕೇಳೋ ಸೌಜನ್ಯ ಇರೋ ಪ್ರೋಗ್ರಾಮುಗಳೇ ಕಡಿಮೆ ನೋಡಿ. ಆಮೇಲೆ ಥಂಡರ್‌ಬರ್ಡ್‌ನ ಇಂಪೋರ್ಟಿಗೆ ಕೊಟ್ಟರೆ ಯಾವ ಕಾಲಂ ಯಾವ ಖಾನೆಗೆ ಅಂತ ಜೋಡಿಸೋ ಕಿಟಕಿ ಬರುತ್ತೆ. ಔಟ್‌ಲುಕ್‌ನ ಹಳೇ ಆವೃತ್ತಿಗಳು ಮಾತ್ರ ಸಿಎಸ್‌ವಿಯನ್ನ ಕೋಡ್ ಪೇಜಿನ ಕಣ್ಣಿಂದಲೇ ಓದೋ ಹಠಮಾರಿಗಳು.

ಫೋನ್ ನಂಬರಿನ ಕಾಲಮ್ಮನ್ನ ಮಾತ್ರ ನಂಬರು ಟೈಪ್ ಮಾಡೋ ಮುಂಚೆಯೇ 'ಟೆಕ್ಸ್ಟ್' ಅಂತ ಮಾಡಿಡಿ. ಇಲ್ಲಾಂದ್ರೆ ಶಿವಮೊಗ್ಗದ 08182 ಸೊನ್ನೆ ಕಳಕೊಂಡು 8182 ಆಗುತ್ತೆ. 91 ಸೇರಿಸಿದ ಹನ್ನೆರಡಂಕಿಯ ಮೊಬೈಲ್ ನಂಬರಂತೂ ದಶಾಂಶ, ಘಾತ ಎಲ್ಲ ಹಾಕ್ಕೊಂಡು ವಿಜ್ಞಾನದ ಪಾಠವಾಗುತ್ತೆ.

ಈಗ ಹೆಸರಿನ ವಿಷಯ. ಎನ್‌ಕೋಡಿಂಗ್ ಸರಿಹೋದರೂ ಅಡ್ರೆಸ್ ಬುಕ್ಕಿನ 'ಫಸ್ಟ್ ನೇಮ್', 'ಲಾಸ್ಟ್ ನೇಮ್' ಖಾನೆಗಳು ನಮ್ಮನ್ನ ಬಿಡೋಲ್ಲ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಅಂತ ಇದ್ದರೆ ಪರವಾಗಿಲ್ಲ, ಮೊದಲಲ್ಲಿ ತಮ್ಮ ಹೆಸರು, ಕೊನೆಯಲ್ಲಿ ಮನೆತನ, ಧಾರವಾಡದ ಕಡೆಯ ಹೆಸರು ಆ ಖಾನೆಗೆ ಹೇಗೋ ಹೊಂದುತ್ತೆ. ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ ಅಂತ ಇದ್ದರೆ? ಮೊದಲು ಊರು, ಆಮೇಲೆ ಅಪ್ಪ, ಕೊನೆಗೆ ಮನುಷ್ಯ. ಖಾಲಿ ಜಾಗ ನೋಡಿ ಹೆಸರನ್ನ ತುಂಡು ಮಾಡಿದರೆ ಪತ್ರ ಶುರುವಾಗೋದು 'ಪ್ರಿಯ ಕುಪ್ಪಳ್ಳಿ' ಅಂತ! ಅದು ಊರಿಗೆ ಬರೆದ ಪತ್ರ ಆಯ್ತಲ್ಲ ಸ್ವಾಮಿ. ಮನೆತನದ ಹೆಸರು ಇಲ್ಲದವರಿಗೆ ಒಂದು 'ಲಾಸ್ಟ್ ನೇಮ್' ಸೃಷ್ಟಿಸಿ ಕೊಡೋ ಕೆಲಸವನ್ನ ಪಾಸ್‌ಪೋರ್ಟಿನ ಅರ್ಜಿಯಲ್ಲಿ ಮಾಡಿದ್ದು ಸಾಕು, ನಮ್ಮ ಸ್ವಂತ ಅಡ್ರೆಸ್ ಬುಕ್ಕಿನಲ್ಲಿ ಯಾಕೆ?

ಇದಕ್ಕೆ ಉತ್ತರ 'ಡಿಸ್‌ಪ್ಲೇ ನೇಮ್' ಖಾನೆ. ಹೆಸರನ್ನ ತುಂಡು ಮಾಡದೆ, ಅವರು ಹೇಗೆ ಬರೆದುಕೊಳ್ಳುತ್ತಾರೋ ಹಾಗೆ ಇಡಿಯಾಗಿ ಅಲ್ಲಿ ಹಾಕಿ. ವಿಕಾರ್ಡ್‌ನ 2011ರ 4.0 ಆವೃತ್ತಿಯಲ್ಲೂ ಕಡ್ಡಾಯ ಅಂತಿರೋದು ಇಡೀ ಹೆಸರು ಮಾತ್ರ, ತುಂಡು ಹೆಸರು ಐಚ್ಛಿಕ. ಅದರ ಎನ್‌ಕೋಡಿಂಗೂ ಯುಟಿಎಫ್-8 ಒಂದೇ, ಬೇರೆ ಮಾತಿಲ್ಲ. ಪತ್ರದಲ್ಲಿ ಸಂಬೋಧನೆಗೆ ಬೇಕಾದ್ದನ್ನ ಶೀಟಿನಲ್ಲೇ ಇನ್ನೊಂದು ಕಾಲಂ ಮಾಡಿ ಕೈಯಾರೆ ಬರೆಯಿರಿ. ಯಾರು 'ಮೇಷ್ಟ್ರೇ', ಯಾರು 'ಅಕ್ಕ' ಅಂತ ಗೊತ್ತಿರೋದು ನಮಗೆ, ಫಾರ್ಮುಲಾಗೆ ಅಲ್ಲ.

"ಮೇಲ್ ಹೋಗುವಾಗ ಕನ್ನಡ ಹೆಸರು ಕೆಡಲ್ವಾ?" ಅನ್ನೋ ಅನುಮಾನವೂ ಕೆಲವರಿಗಿದೆ. ಹೆಸರಿನ ಜಾಗದಲ್ಲಿ ಬೇರೆ ಲಿಪಿ ಕಳಿಸೋ ವಿಧಾನವನ್ನ 1996ರಷ್ಟು ಹಿಂದೆಯೇ ಆರ್‌ಎಫ್‌ಸಿ 2047ರಲ್ಲಿ ಬರೆದಿಟ್ಟಿದ್ದಾರೆ. ಅದು ನಿತ್ಯ ನಡೀತಿರೋ ಸಂಗತಿ.

ಇಂಗ್ಲಿಷ್ ಪಕ್ಷದವರ ಒಂದು ಮಾತನ್ನ ಮಾತ್ರ ನಾನು ಒಪ್ತೀನಿ. ಹುಡುಕುವಾಗ ಪ್ರತಿ ಸಲ ಕೀಲಿಮಣೆ ಬದಲಾಯಿಸೋದು ಕಿರಿಕಿರಿ, ನಿಜ. ಆದರೆ ಇಂಗ್ಲಿಷಿನಲ್ಲಿ ಹುಡುಕೋದು ಸಲೀಸೇ? ಲಕ್ಷ್ಮಿಗೆ 'ಎಕ್ಸ್' ಹಾಕಿದ್ದರೋ 'ಕೆಎಸ್‌ಎಚ್' ಹಾಕಿದ್ದರೋ, ಗೀತಾಗೆ 'ಎಚ್' ಇತ್ತೋ ಇಲ್ಲವೋ, ಯಾರಿಗೆ ನೆನಪು? ಕನ್ನಡದಲ್ಲಿ ಗೀತಾ ಅಂದ್ರೆ ಗೀತಾ. ಇಷ್ಟಕ್ಕೂ ಥಂಡರ್‌ಬರ್ಡ್‌ನಲ್ಲಿ 'ನಿಕ್‌ನೇಮ್' ಅಂತ ಒಂದು ಖಾನೆ ಸುಮ್ಮನೆ ಖಾಲಿ ಬಿದ್ದಿರುತ್ತೆ. ಅಲ್ಲಿರೋ ನಾಲ್ಕಕ್ಷರ ಟೈಪ್ ಮಾಡಿದರೂ ಆ ವ್ಯಕ್ತಿ ಸಿಗುತ್ತಾರೆ, 'ಟು' ಸಾಲಿನಲ್ಲಿ ಕೂರೋದು ಮಾತ್ರ ಅವರ ಕನ್ನಡದ ಹೆಸರು. ಇಂಗ್ಲಿಷ್ ಬೇಕೇ ಬೇಕು ಅನ್ನೋರು ಅದನ್ನ ಆ ಖಾನೆಯಲ್ಲಿ ಇಟ್ಟುಕೊಳ್ಳಲಿ.